ಆರ್‌ಬಿ67ಗೆ ಹಳೇ 140 ಎಂಎಂ ಮ್ಯಾಕ್ರೋ ಲೆನ್ಸ್: ಕೈಯಲ್ಲಿ 90 ಇರುವಾಗ ತಗೋಬೇಕಾ?

ಕಲ್ಲಿನಕೋಟೆ, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮಾಮಿಯಾ ಆರ್‌ಬಿ67 ಪ್ರೊ-ಎಸ್ ಇದೆ, 6×7 ಸೆಂ.ಮೀ. ಚಿತ್ರ ಕೊಡುವ ದೊಡ್ಡ ಫಿಲ್ಮ್ ಕ್ಯಾಮೆರಾ. ಲೆನ್ಸ್ ಮಾತ್ರ ಒಂದೇ, 90 ಎಂಎಂ. ಈಗ ಬೆಂಗಳೂರಿನ ಒಬ್ಬರು ಮ್ಯಾಕ್ರೋ (ಹತ್ತಿರದಿಂದ ತೆಗೆಯುವ) ಲೆನ್ಸ್, ಮ್ಯಾಕ್ರೋ ಸೆಕೋರ್ ಸಿ 140 ಎಂಎಂ ಎಫ್ 4.5 ಕೊಡುತ್ತೇನೆ ಅಂತಿದ್ದಾರೆ. ಬೆಲೆ ವಿಪರೀತ ಅನ್ನಿಸಲಿಲ್ಲ, ಆದರೆ ನನಗೆ ಅದು ಸಣ್ಣ ದುಡ್ಡೂ ಅಲ್ಲ.

ನಾನು ತೆಗೆಯೋದು ಕಪ್ಪು-ಬಿಳುಪು. ಕೋಟೆಯ ಬಂಡೆ ಮೇಲಿನ ಕಲ್ಲುಹೂವು, ಉಳಿ ಏಟಿನ ಗುರುತು, ಗೋಡೆಯಲ್ಲಿ ಕಲ್ಲಿಗೆ ಕಲ್ಲು ಕೂತಿರುವ ಸಂದು, ಮಳೆನೀರು ಇಳಿದ ಕಲೆ. ಕೋಟೆಯ ಫೋಟೋ ಅಂದರೆ ಎಲ್ಲರೂ ದೂರದಿಂದ ಏಳು ಸುತ್ತು ತೆಗೆಯುತ್ತಾರೆ. ನನಗೆ ಆ ಕಲ್ಲಿನ ಮೈ ಬೇಕು. ಮರಡಿಹಳ್ಳಿಯ ಪಿಲ್ಲೋ ಲಾವಾವನ್ನೂ (ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ ಕಲ್ಲು) ಹತ್ತಿರದಿಂದ ತೆಗೆಯುವ ಆಸೆ ಇದೆ.

90ರಲ್ಲೇ ಬೆಲ್ಲೋಸ್ (ಲೆನ್ಸನ್ನು ಮುಂದೆ ಸರಿಸುವ ಮಡಿಕೆ ಮಡಿಕೆಯ ಚೀಲ) ಪೂರ್ತಿ ಚಾಚಿದರೆ ಸಾಕಷ್ಟು ಹತ್ತಿರ ಹೋಗಬಹುದು. ಹಾಗಿರುವಾಗ ಈ 140 ಯಾಕೆ? ತಗೊಂಡರೆ ಏನೇನು ನೋಡಿ ತಗೋಬೇಕು? ಬಳಸಿದವರು ಹೇಳಿ.

ಹುಳಹುಪ್ಪಟೆ, ಹೊಳಲ್ಕೆರೆ:

ಬ್ರೋ, ನೇರವಾಗಿ ಹೇಳುತ್ತೇನೆ, ಬೇಡ. ಮ್ಯಾಕ್ರೋಗೆ ಫಿಲ್ಮ್ ಸರಿಯಾದ ದಾರಿ ಅಲ್ಲ. ನಾನು ಜೋಗಿಮಟ್ಟಿಯಲ್ಲಿ ಜೇಡ, ಇರುವೆ, ಪಾತರಗಿತ್ತಿ ತೆಗೆಯುತ್ತೇನೆ, ಎಲ್ಲ ಡಿಜಿಟಲ್. ಫೋಕಸ್ ಬದಲಿಸುತ್ತಾ ಮೂವತ್ತು ನಲವತ್ತು ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸಿದರೆ ಹುಳದ ಕಣ್ಣಿಂದ ಕಾಲಿನ ತುದಿವರೆಗೆ ಶಾರ್ಪ್. ನಿಮಗೆ ಒಂದು ರೋಲಿಗೆ ಸಿಗೋದು ಹತ್ತು ಚಿತ್ರ. ಮೂರು ಕಿಲೋಗೆ ಹತ್ತಿರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಬೇಕು. ಅದೇ ದುಡ್ಡಿಗೆ ಒಳ್ಳೆ ಹಳೇ 35 ಎಂಎಂ ಮ್ಯಾಕ್ರೋ ಲೆನ್ಸ್ ತಗೊಂಡು ಅಡಾಪ್ಟರ್ ಹಾಕಿ.

ಬೆಣ್ಣೆನಗರಿ 120, ದಾವಣಗೆರೆ:

ಹುಳದ ವಿಷಯದಲ್ಲಿ ಇವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ತಮ್ಮ ಕೇಳಿದ್ದು ಹುಳದ ಬಗ್ಗೆ ಅಲ್ಲ, ಕಲ್ಲಿನ ಬಗ್ಗೆ. ಎರಡೂ ಬೇರೆ ಬೇರೆ ಕೆಲಸ.

ನಮ್ಮ ಮನೆಯಲ್ಲಿ ಸ್ಟುಡಿಯೋ ಇತ್ತು. ಯಾಶಿಕಾ ಮ್ಯಾಟ್‌ನಲ್ಲಿ ಮದುವೆ, ಆರ್‌ಬಿಯಲ್ಲಿ ಒಳಗಿನ ಕೆಲಸ. ಈ 140ರಲ್ಲಿ ಹಳೇ ಫೋಟೋಗಳ ಕಾಪಿ, ಒಡವೆ ಅಂಗಡಿಯ ಕೆಲಸ ಎಲ್ಲ ಮಾಡಿದ್ದೇವೆ. ಈಗಲೂ ನನ್ನ ಕೈಯಲ್ಲಿ ಜಾಸ್ತಿ ಇರುವ ಲೆನ್ಸ್ ಇದೇ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ 90ರ ಮಾತು. ಆರ್‌ಬಿಯ ಬೆಲ್ಲೋಸ್ 46 ಎಂಎಂ ಮುಂದೆ ಚಾಚುತ್ತದೆ. 46ನ್ನು 90ರಿಂದ ಭಾಗಿಸಿ. ಸುಮಾರು ಅರ್ಧ ಬರುತ್ತದೆ. ಅಂದರೆ ವಸ್ತುವಿನ ಅರ್ಧ ಗಾತ್ರ ಫಿಲ್ಮ್ ಮೇಲೆ ಬೀಳುತ್ತದೆ. 140ಕ್ಕೆ ಅದೇ ಲೆಕ್ಕ ಹಾಕಿದರೆ ಮೂರನೇ ಒಂದು ಭಾಗ ಮಾತ್ರ. ಟ್ಯೂಬ್ (ಬಾಡಿ ಮತ್ತು ಲೆನ್ಸ್ ನಡುವೆ ಹಾಕುವ ಟೊಳ್ಳು ಕೊಳವೆ) ಇಲ್ಲದೆ ಬರಿ ಬಾಡಿಯಲ್ಲಿ ನಿಮ್ಮ 90 ಈ ಮ್ಯಾಕ್ರೋಗಿಂತ ಹತ್ತಿರ ಹೋಗುತ್ತದೆ! ಇದು ಗೊತ್ತಾದ ಮೇಲೆ ಎಷ್ಟೋ ಜನ ಮ್ಯಾಕ್ರೋ ಬೇಡ ಅಂತ ಬಿಟ್ಟಿದ್ದಾರೆ. ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನೋದನ್ನು ಮಾತ್ರ ನೋಡಿದರೆ ಅವರು ಮಾಡಿದ್ದು ಸರಿ.

ಆದರೆ ಚಿತ್ರದ ಮೂಲೆಗಳನ್ನು ನೋಡಿ. ಸಾಮಾನ್ಯ ಲೆನ್ಸ್‌ಗಳನ್ನು ದೂರದ ವಸ್ತುವಿಗೆ ಹೊಂದುವಂತೆ ಮಾಡಿರುತ್ತಾರೆ. ಹತ್ತಿರ ಹೋದಷ್ಟೂ ನಡುಭಾಗ ಶಾರ್ಪ್ ಇದ್ದರೂ ಅಂಚು ಮೆತ್ತಗಾಗುತ್ತದೆ. ಚಪ್ಪಟೆ ವಸ್ತುವಿನ ಫೋಕಸ್ ಫಿಲ್ಮ್ ಮೇಲೆ ಚಪ್ಪಟೆಯಾಗಿ ಕೂರದೆ ಬಾಗುತ್ತದೆ. ಮುಖದ ಫೋಟೋದಲ್ಲಿ ಇದು ಯಾರಿಗೂ ಕಾಣಲ್ಲ. ಕಲ್ಲಿನ ಮೈ, ಬಟ್ಟೆ, ಕಾಗದ, ಶಾಸನ ತೆಗೆದಾಗ ಎದ್ದು ಕಾಣುತ್ತದೆ. ಯಾಕೆಂದರೆ ಅಲ್ಲಿ ನಾಲ್ಕೂ ಮೂಲೆಯಲ್ಲಿ ವಿಷಯ ಇದೆ. 140 ಮ್ಯಾಕ್ರೋವನ್ನು ಹತ್ತಿರದ ಕೆಲಸಕ್ಕೆ ಅಂತಲೇ ಮಾಡಿದ್ದಾರೆ. ಅದರಲ್ಲಿ ಒಂದು ಫ್ಲೋಟಿಂಗ್ ರಿಂಗ್ ಇದೆ. ಎಷ್ಟು ಹತ್ತಿರ ಇದ್ದೀರೋ ಅದಕ್ಕೆ ತಕ್ಕಂತೆ ಆ ರಿಂಗ್ ತಿರುಗಿಸಿದರೆ ಒಳಗಿನ ಗಾಜುಗಳ ನಡುವಿನ ಅಂತರ ಬದಲಾಗುತ್ತದೆ, ಅಂಚು ಸರಿಯಾಗುತ್ತದೆ. ಫೋಕಸ್ ಮಾಡೋದು ಮಾತ್ರ ಬಾಡಿಯ ನಾಬ್‌ನಿಂದಲೇ. ರಿಂಗ್ ತಿರುಗಿಸಿದ ಮೇಲೆ ಫೋಕಸ್ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನೊಂದು, ನಿಲ್ಲುವ ಜಾಗ. ಮೂರನೇ ಒಂದು ಗಾತ್ರಕ್ಕೆ 90 ಲೆನ್ಸ್ ವಸ್ತುವಿನಿಂದ ಸುಮಾರು 36 ಸೆಂ.ಮೀ. ದೂರ ಇರಬೇಕು. 140 ಆದರೆ 56 ಸೆಂ.ಮೀ. ಆ ಒಂದು ಗೇಣು ಕೋಟೆಯಲ್ಲಿ ಬಹಳ ದೊಡ್ಡದು. ಇಲ್ಲದಿದ್ದರೆ ಆರ್‌ಬಿಯಂಥ ದಪ್ಪ ಕ್ಯಾಮೆರಾದ ನೆರಳು ಕಲ್ಲಿನ ಮೇಲೇ ಬೀಳುತ್ತದೆ.

ಮೂರನೇ ಒಂದು ಗಾತ್ರ ಅಂದರೆ ಕಡಿಮೆ ಅಂತ ಅಂದುಕೊಳ್ಳಬೇಡಿ. 6×7 ಫಿಲ್ಮ್‌ನ ನಿಜವಾದ ಚಿತ್ರ ಸುಮಾರು 56×70 ಎಂಎಂ. ಮೂರರಿಂದ ಗುಣಿಸಿದರೆ 17 ಸೆಂ.ಮೀ. ಅಗಲ, 21 ಸೆಂ.ಮೀ. ಉದ್ದದ ಜಾಗ ಫ್ರೇಮ್ ತುಂಬುತ್ತದೆ. ಒಂದು ಅಂಗೈ ಬೆರಳು ಬಿಚ್ಚಿ ಇಟ್ಟಷ್ಟು. ನಿಮ್ಮ ಉಳಿ ಗುರುತು, ಕಲ್ಲಿನ ಸಂದು, ಕಲ್ಲುಹೂವಿನ ತೇಪೆ ಎಲ್ಲ ಈ ಅಳತೆಯವೇ ಅಲ್ವಾ? ಈ ಲೆನ್ಸ್ ಹುಟ್ಟಿದ್ದೇ ಇಂಥ ಅಳತೆಗೆ. ನಾನಾಗಿದ್ದರೆ ತಗೋತೀನಿ.

ಹುಳಹುಪ್ಪಟೆ, ಹೊಳಲ್ಕೆರೆ:

ಸರ್, ಅಂಚಿನ ಮಾತು ಒಪ್ಪಿದೆ, ಆ ಕಡೆ ನಾನು ಯೋಚಿಸಿರಲಿಲ್ಲ. ಆದರೂ ಒಂದು ಅನುಮಾನ. ಫಿಲ್ಮ್ ದೊಡ್ಡದಾದಷ್ಟೂ ಮ್ಯಾಕ್ರೋ ಸುಲಭ ಅಂತ ಹಲವರು ಹೇಳುತ್ತಾರೆ. ನಿಜಾನಾ?

ಬೆಣ್ಣೆನಗರಿ 120, ದಾವಣಗೆರೆ:

ಉಲ್ಟಾ. 36 ಎಂಎಂ ಅಗಲದ ಎಲೆಯೊಂದು 35 ಎಂಎಂ ಫಿಲ್ಮ್ ತುಂಬಲು ಅದರ ನಿಜಗಾತ್ರ ಸಾಕು. ಅದೇ ಎಲೆ 6×7 ಫ್ರೇಮ್ ತುಂಬಬೇಕಾದರೆ ಸುಮಾರು ಎರಡು ಪಟ್ಟು ಹಿಗ್ಗಬೇಕು. ಹಿಗ್ಗಿದಷ್ಟೂ ಬೆಳಕು ಕಡಿಮೆ, ಶಾರ್ಪ್ ಇರುವ ಆಳವೂ ಕಡಿಮೆ. ಅದಕ್ಕೇ ಇರುವೆ, ಜೇಡಕ್ಕೆ ನಿಮ್ಮ ದಾರಿಯೇ ಸರಿ ಅಂದಿದ್ದು.

ದೊಡ್ಡ ಫಿಲ್ಮ್‌ನ ಲಾಭ ಇರೋದು ಪ್ರಿಂಟ್‌ನಲ್ಲಿ. ನೆಗೆಟಿವ್‌ನಲ್ಲೇ ಅಷ್ಟು ಜಾಗ ಇರುವುದರಿಂದ ಕಡಿಮೆ ಹಿಗ್ಗಿಸಿದರೆ ಸಾಕು. ಕಲ್ಲಿನ ಒಂದೊಂದು ಹರಳೂ ಬೇರೆ ಬೇರೆ ಕಾಣುತ್ತದೆ. ಬೂದು ಬಣ್ಣದಲ್ಲಿ ಎಷ್ಟು ಬಗೆ ಇದೆ ಅಂತ 6×7 ನೆಗೆಟಿವ್‌ನಿಂದ ತೆಗೆದ ಗ್ರಾನೈಟ್ ಪ್ರಿಂಟ್ ನೋಡಿದ ಮೇಲೆ ನನಗೆ ಗೊತ್ತಾಗಿದ್ದು.

ಮೊಳಕಾಲ್ಮೂರು ಜರಿ:

ಇದನ್ನು ಓದಿ ಖುಷಿಯಾಯಿತು. ನಮ್ಮದು ನೇಯ್ಗೆ ಮನೆ. ಹಳೇ ಮೊಳಕಾಲ್ಮೂರು ಸೀರೆಗಳ ಅಂಚು, ಸೆರಗು, ಬುಟ್ಟಾ ಎಲ್ಲ ದಾಖಲೆ ಮಾಡಿಡಬೇಕು ಅಂತ ನಾನು ಶುರು ಮಾಡಿದ್ದೇನೆ. ಕೆಲವು ಸೀರೆ ಮಡಿಕೆಯಲ್ಲೇ ಸೀಳುತ್ತಿವೆ. ಆ ವಿನ್ಯಾಸ ಈಗ ಯಾರೂ ನೇಯುವುದಿಲ್ಲ. ಫೋಟೋ ನೋಡಿ ಎಳೆ ಎಣಿಸುವ ಹಾಗಿರಬೇಕು, ನನಗೆ ಬೇಕಿರೋದು ಅಷ್ಟೇ.

ನನ್ನ ಹತ್ತಿರ ಇರೋದು ಮಾಮಿಯಾ ಸಿ330, 80 ಎಂಎಂ ಲೆನ್ಸ್. ನೋಡಲು ಮೇಲೊಂದು ಲೆನ್ಸ್, ಫಿಲ್ಮ್‌ಗೆ ಕೆಳಗೊಂದು ಲೆನ್ಸ್ ಇರುವ ಕ್ಯಾಮೆರಾ. ಇದಕ್ಕೂ ಬೆಲ್ಲೋಸ್ ಇದೆ, ಹತ್ತಿರ ಹೋಗುತ್ತದೆ. ಆದರೆ ಮೇಲಿನ ಲೆನ್ಸ್‌ನಲ್ಲಿ ನೋಡಿ ಅಂಚನ್ನು ನಡುವಿಗೆ ಇಟ್ಟರೆ ಫಿಲ್ಮ್‌ನಲ್ಲಿ ಅದು ಪಕ್ಕಕ್ಕೆ ಸರಿದಿರುತ್ತದೆ. ಆರ್‌ಬಿಗೆ ಬದಲಾಯಿಸಬೇಕಾ ಅಣ್ಣ?

ಹಳೇಗಾಜು, ದಾವಣಗೆರೆ:

ಅಕ್ಕಾ, ಕ್ಯಾಮೆರಾ ಬದಲಾಯಿಸುವ ಮೊದಲು ಪ್ಯಾರಮೆಂಡರ್ ಹುಡುಕಿ. ಮಾಮಿಯಾದವರೇ ಸಿ ಸರಣಿಗೆ ಮಾಡಿದ ಸಾಧನ. ಟ್ರೈಪಾಡ್ ಮೇಲೆ ಅದು, ಅದರ ಮೇಲೆ ಕ್ಯಾಮೆರಾ. ಮೇಲಿನ ಲೆನ್ಸ್‌ನಲ್ಲಿ ನೋಡಿ ಹೊಂದಿಸಿ, ಆಮೇಲೆ ಲಿವರ್ ಎತ್ತಿದರೆ ಕ್ಯಾಮೆರಾ 50 ಎಂಎಂ ಮೇಲೇಳುತ್ತದೆ. ಈಗ ಕೆಳಗಿನ ಲೆನ್ಸ್ ಮೇಲಿನದು ಇದ್ದ ಜಾಗಕ್ಕೇ ಬಂದಿರುತ್ತದೆ. ನೋಡಿದ್ದೇ ಸಿಗುತ್ತದೆ. ಸೀರೆ ಓಡಿ ಹೋಗಲ್ಲ, ಹಾಗಾಗಿ ಈ ವಿಧಾನ ನಿಮಗೆ ಸರಿಯಾಗಿ ಹೊಂದುತ್ತದೆ. ಸೀರೆಯನ್ನು ನೆಲಕ್ಕೆ ಹಾಸಿ ಮೇಲಿಂದ ತೆಗೆಯುವುದಾದರೆ ಮಾತ್ರ ಕಷ್ಟ. ಆಗ ಸೀರೆಯನ್ನು ಗೋಡೆಗೆ ಹಾಕಿದ ಹಲಗೆಯ ಮೇಲೆ ನೇರ ಇಳಿಬಿಡಿ, ಕ್ಯಾಮೆರಾ ಎದುರಿಗೆ ಇಡಿ.

ಆದರೆ ಎಳೆ ಎಣಿಸುವ ಕೆಲಸ ಮುಂದೆ ವರ್ಷಗಟ್ಟಲೆ ಮಾಡುವುದಾದರೆ, ಕನ್ನಡಿಯ ಮೂಲಕ ಅದೇ ಲೆನ್ಸ್‌ನಲ್ಲಿ ನೋಡುವ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ ಒಳ್ಳೆಯದು. ಆರ್‌ಬಿನೇ ಆಗಬೇಕು ಅಂತಿಲ್ಲ. ಪೆಂಟಾಕ್ಸ್ 67ಗೆ 135 ಎಂಎಂ ಎಫ್ 4 ಮ್ಯಾಕ್ರೋ ಇದೆ, ಹ್ಯಾಸಲ್‌ಬ್ಲಾಡ್‌ಗೆ 120 ಎಂಎಂ ಎಸ್-ಪ್ಲಾನರ್ ಎಫ್ 5.6 ಇದೆ. ಹ್ಯಾಸಲ್‌ಬ್ಲಾಡ್ ಬೆಲೆ ಕೇಳಲೇಬೇಡಿ. ಪೆಂಟಾಕ್ಸ್ ಲೆನ್ಸ್ ಹಗುರ, ಚೆನ್ನಾಗಿದೆ. ಆದರೆ ಆ ಕ್ಯಾಮೆರಾದ ಪರದೆ ಶಟರ್ ಫ್ಲ್ಯಾಷ್ ಜೊತೆ 1/30 ಸೆಕೆಂಡಿಗೆ ಮಾತ್ರ ಹೊಂದುತ್ತದೆ. ಆರ್‌ಬಿಯಲ್ಲಿ ಶಟರ್ ಲೆನ್ಸ್ ಒಳಗೇ ಇರುವುದರಿಂದ 1/400ರವರೆಗೆ ಯಾವ ವೇಗಕ್ಕಾದರೂ ಫ್ಲ್ಯಾಷ್ ಹೊಂದುತ್ತದೆ.

ಈಗ ಚಿತ್ರದುರ್ಗದವರ ಇನ್ನೊಂದು ಪ್ರಶ್ನೆಗೆ ಬರುತ್ತೇನೆ. ಹಳೇ ಲೆನ್ಸ್ ಬಿಚ್ಚಿ ಸರಿಮಾಡೋದು ನನ್ನ ಕಸುಬು, ಅದಕ್ಕೆ ಹೇಳುತ್ತೇನೆ.

ಮೊದಲು ಕಿವಿ ಕೊಡಿ. ಲೆನ್ಸ್ ಕಾಕ್ ಮಾಡಿ (ಶಟರ್ ಸಿದ್ಧ ಮಾಡಿ) 1 ಸೆಕೆಂಡಿಗೆ ಇಟ್ಟು ಹೊಡೆಯಿರಿ. ಆಮೇಲೆ 1/2, 1/4, 1/8. ಒಳಗಿನ ಗೇರ್ ಓಡುವ ಸದ್ದು ಒಂದೇ ಹದದಲ್ಲಿ ಕೇಳಬೇಕು. ನಡುವೆ ಎಳೆದ ಹಾಗೆ, ನಿಂತು ಹೋದ ಹಾಗೆ ಇದ್ದರೆ ಒಳಗಿನ ಗ್ರೀಸ್ ಒಣಗಿದೆ. ಎರಡು ಸಲ ಹೊಡೆದ ಮೇಲೆ ಸರಿಹೋಯಿತು ಅಂತ ಮಾರುವವರು ಹೇಳಬಹುದು. ವಾರ ಬಿಟ್ಟರೆ ಮತ್ತೆ ಅದೇ ಕಥೆ. ಮ್ಯಾಕ್ರೋದಲ್ಲಿ ನೀವು ಬಳಸೋದೇ ಈ ನಿಧಾನದ ವೇಗಗಳು, ಆದ್ದರಿಂದ 1/250 ಚೆನ್ನಾಗಿದೆ ಅನ್ನೋದು ಇಲ್ಲಿ ಉಪಯೋಗಕ್ಕೆ ಬರಲ್ಲ. ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಯಾರೂ ಎಣ್ಣೆ ಮಾತ್ರ ಬಿಡಬೇಡಿ. ಅದು ಶಟರ್ ರೆಕ್ಕೆಗೆ ಹರಿದರೆ ರೆಕ್ಕೆಗಳು ಅಂಟಿಕೊಳ್ಳುತ್ತವೆ.

ವೇಗದ ರಿಂಗನ್ನು ಟಿಗೆ (ಶಟರ್ ತೆರೆದೇ ಇರುವ ಗುರುತು) ಇಟ್ಟು ಶಟರ್ ತೆರೆದು, ಹಿಂದಿನಿಂದ ಟಾರ್ಚ್ ಬಿಡಿ. ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಪೂರ್ತಿ ಮಂಜು ಮುಸುಕಿದ ಹಾಗಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಅಂಟಿಸಿದ ಗಾಜುಗಳು ಬಿಡುತ್ತಿವೆ, ಅದನ್ನು ಮುಟ್ಟಬೇಡಿ. ನಾಲ್ಕು ಧೂಳಿನ ಕಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಫ್ಲೋಟಿಂಗ್ ರಿಂಗ್ ಪೂರ್ತಿ ತಿರುಗುತ್ತದಾ ನೋಡಿ. ಬಹಳ ಜನ ಅದನ್ನು ಮುಟ್ಟಿಯೇ ಇರಲ್ಲ, ಹಾಗಾಗಿ ಗಟ್ಟಿಯಾಗಿ ಕೂತಿರುತ್ತದೆ. ಕನ್ನಡಿ ಎತ್ತುವ ನಾಬ್ ಎನ್‌ನಿಂದ (ಸಾಮಾನ್ಯ) ಎಂಗೆ (ಕನ್ನಡಿ ಮೊದಲೇ ಎತ್ತಲು) ತಿರುಗಬೇಕು. ಕೇಬಲ್ ಸಿಕ್ಕಿಸುವ ತೂತಿನ ಒಳಮರೆ ಸವೆದಿರಬಾರದು.

ಲೆನ್ಸ್ ಜೊತೆ ನಿಮ್ಮ ಬಾಡಿಯನ್ನೂ ನೋಡಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ ಪೂರ್ತಿ ಚಾಚಿ ಒಳಗೆ ಟಾರ್ಚ್ ಇಟ್ಟರೆ ಸೂಜಿ ತೂತಿದ್ದರೂ ಕಾಣುತ್ತದೆ. ಸಾಮಾನ್ಯ ಫೋಟೋದಲ್ಲಿ ಮಡಿಕೆಯೊಳಗೆ ಮುಚ್ಚಿಕೊಂಡಿರುವ ತೂತು ಮ್ಯಾಕ್ರೋದಲ್ಲಿ ಬಿಚ್ಚಿಕೊಳ್ಳುತ್ತದೆ. ಫಿಲ್ಮ್ ಬ್ಯಾಕ್‌ನ ಸ್ಪಂಜು ಪುಡಿಯಾಗುತ್ತಿದ್ದರೆ ಅದನ್ನೂ ಬದಲಾಯಿಸಿ.

ಕಲ್ಲಿನಕೋಟೆ, ಚಿತ್ರದುರ್ಗ:

ಅಬ್ಬಾ, ಇಷ್ಟೊಂದು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಭಾನುವಾರ ಬೆಂಗಳೂರಿಗೆ ಹೋಗಿ ಎದುರಿಗೇ ನೋಡಿ ಬರುತ್ತೇನೆ.

ಎಕ್ಸ್‌ಪೋಶರ್ ವಿಷಯ ಕೇಳಬೇಕಿತ್ತು. ನನ್ನದು ಕೈಯಲ್ಲಿ ಹಿಡಿಯುವ ಮೀಟರ್. ಬೆಲ್ಲೋಸ್ ಚಾಚಿದಾಗ ಎಷ್ಟು ಜಾಸ್ತಿ ಕೊಡಬೇಕು? ಬಾಡಿ ಪಕ್ಕದಲ್ಲಿರುವ ಪಟ್ಟಿಯಲ್ಲಿ ಗೆರೆಗಳಿವೆ, ಆದರೆ ಟ್ಯೂಬ್ ಹಾಕಿದರೆ ಅದು ನಡೆಯುತ್ತದಾ?

ಕೆಂಪುದೀಪ, ಚಳ್ಳಕೆರೆ:

ಟ್ಯೂಬ್ ಹಾಕಿದ ಮೇಲೆ ನೀವೇ ಲೆಕ್ಕ ಹಾಕೋದು ಉತ್ತಮ, ಕಷ್ಟ ಏನಿಲ್ಲ. ಚಿತ್ರ ವಸ್ತುವಿನ ಎಷ್ಟು ಪಾಲು ದೊಡ್ಡದಿದೆಯೋ ಆ ಸಂಖ್ಯೆಗೆ ಒಂದು ಕೂಡಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅಷ್ಟು ಪಟ್ಟು ಬೆಳಕು ಜಾಸ್ತಿ ಬೇಕು.

ಆರ್‌ಬಿಗೆ ಎರಡು ಟ್ಯೂಬ್ ಬರುತ್ತವೆ, ಒಂದನೇದು 45 ಎಂಎಂ, ಎರಡನೇದು 82 ಎಂಎಂ. 140 ಲೆನ್ಸ್‌ನಲ್ಲಿ ಟ್ಯೂಬ್ ಇಲ್ಲದೆ ಬೆಲ್ಲೋಸ್ ಪೂರ್ತಿ ಚಾಚಿದರೆ 0.33. ಬೆಳಕು 1.8 ಪಟ್ಟು, ಅಂದರೆ ಒಂದು ಸ್ಟಾಪ್‌ಗೆ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ಸ್ವಲ್ಪ ಕಡಿಮೆ. ಒಂದನೇ ಟ್ಯೂಬ್ ಜೊತೆ 0.65. ಆಗ 2.7 ಪಟ್ಟು, ಸುಮಾರು ಒಂದೂವರೆ ಸ್ಟಾಪ್. ಎರಡನೇ ಟ್ಯೂಬ್ ಜೊತೆ 0.91, ಹೆಚ್ಚು ಕಡಿಮೆ ಎರಡು ಸ್ಟಾಪ್. ಫ್ಲೋಟಿಂಗ್ ರಿಂಗ್‌ನಿಂದ ಒಂದಿಷ್ಟು ವ್ಯತ್ಯಾಸ ಬರಬಹುದು, ಕಪ್ಪು-ಬಿಳುಪಿನಲ್ಲಿ ಅದು ಲೆಕ್ಕಕ್ಕಿಲ್ಲ. ಲೆನ್ಸ್ ಮೂಲಕವೇ ಅಳೆಯುವ ಮೀಟರ್ ಪ್ರಿಸಂ ಇರುವವರಿಗೆ ಇದರ ಗೊಡವೆಯೇ ಬೇಡ.

ಅಕ್ಕನವರ ಸೀರೆ ಕೆಲಸಕ್ಕೆ ಒಂದು ಮಾತು. ಮನೆ ಒಳಗೆ ಬೆಳಕು ಕಡಿಮೆ ಇರುತ್ತದೆ, ಅಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಹೊತ್ತು ಉದ್ದವಾದಷ್ಟೂ ಫಿಲ್ಮ್ ಸುಸ್ತಾಗುತ್ತದೆ. ಇಲ್ಫರ್ಡ್ ಎಫ್‌ಪಿ4 ಫಿಲ್ಮ್ ಹಾಕಿದ್ದೀರಿ, ಎಫ್ 22ರಲ್ಲಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್‌ನ ತೂತು ಸಣ್ಣದು) ಮೀಟರ್ 8 ಸೆಕೆಂಡ್ ತೋರಿಸಿತು ಅನ್ನಿ. ಆರ್‌ಬಿಯಲ್ಲಿ 140 ಮತ್ತು ಒಂದನೇ ಟ್ಯೂಬ್ ಇದ್ದರೆ 2.7ರಿಂದ ಗುಣಿಸಿ, ಸುಮಾರು 22 ಸೆಕೆಂಡ್. ಇಲ್ಫರ್ಡ್ ಕೊಟ್ಟಿರುವ ಸೂತ್ರದ ಪ್ರಕಾರ ಆ 22 ಸೆಕೆಂಡಿಗೆ ನಿಜವಾಗಿ ಕೊಡಬೇಕಾದ್ದು 49 ಸೆಕೆಂಡ್. ಮೊದಲು ಬೆಲ್ಲೋಸ್ ಲೆಕ್ಕ, ಆಮೇಲೆ ಫಿಲ್ಮ್ ಲೆಕ್ಕ. ಈ ಕ್ರಮ ತಪ್ಪಿದರೆ ನೆಗೆಟಿವ್ ತೆಳ್ಳಗೆ ಬರುತ್ತದೆ. ಫ್ಯೂಜಿಯ ಆಕ್ರೋಸ್ ಸಿಕ್ಕರೆ 120 ಸೆಕೆಂಡ್‌ವರೆಗೂ ಈ ಎರಡನೇ ಲೆಕ್ಕ ಬೇಕಿಲ್ಲ.

ಆರ್‌ಬಿ ಲೆನ್ಸ್‌ಗಳಲ್ಲಿ ಬಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವುದು) ಇಲ್ಲ, ಟಿ ಮಾತ್ರ. ಹೊಡೆದರೆ ತೆರೆದೇ ಇರುತ್ತದೆ. ಮುಚ್ಚಲು ವೇಗದ ರಿಂಗನ್ನು 1ರ ಕಡೆಗೆ ತಿರುಗಿಸಬೇಕು, ತಿರುಗಿಸುವಾಗ ಕ್ಯಾಮೆರಾ ಅಲುಗುತ್ತದೆ. ಅದಕ್ಕೆ ಮೊದಲು ಕಪ್ಪು ರಟ್ಟು ಲೆನ್ಸ್ ಮುಂದೆ ಹಿಡಿದು, ಆಮೇಲೆ ತಿರುಗಿಸಿ.

ದೃಶ್ಯಕಲೆ ವಿದ್ಯಾರ್ಥಿ, ದಾವಣಗೆರೆ:

ಸರ್, ನಾನು ಇಲ್ಲಿ ಕಲಾ ಕಾಲೇಜಿನಲ್ಲಿ ಓದುತ್ತಿದ್ದೇನೆ. ಎಫ್ 32 ಇರುವಾಗ ಎಫ್ 22 ಯಾಕೆ? ಜಾಸ್ತಿ ಮುಚ್ಚಿದಷ್ಟೂ ಜಾಸ್ತಿ ಆಳ ಶಾರ್ಪ್ ಬರುತ್ತದೆ ಅಲ್ವಾ?

ಬೆಣ್ಣೆನಗರಿ 120, ದಾವಣಗೆರೆ:

ಆಳ ಬರುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಸ್ವಲ್ಪ ಮಸುಕಾಗುತ್ತದೆ. ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಳ್ಳುತ್ತದೆ. ಬೆಲ್ಲೋಸ್ ಚಾಚಿದಾಗ ಆ ತೂತು ಫಿಲ್ಮ್‌ಗೆ ಇನ್ನೂ ಸಣ್ಣದಾಗಿ ಕಾಣುತ್ತದೆ. 0.91ರಲ್ಲಿ ಎಫ್ 32 ಅಂದರೆ ಫಿಲ್ಮ್ ಲೆಕ್ಕದಲ್ಲಿ ಎಫ್ 61. ಎಫ್ 22 ಅಂದರೆ ಎಫ್ 42. 6×7 ಇದನ್ನು 35 ಎಂಎಂಗಿಂತ ಜಾಸ್ತಿ ತಡೆದುಕೊಳ್ಳುತ್ತದೆ, ಆದರೂ ನಾನು 22 ದಾಟುವುದಿಲ್ಲ. ಚಪ್ಪಟೆ ವಸ್ತುವಿಗೆ ಎಫ್ 16 ಸಾಕು.

ಆಳದ ಅಂದಾಜು ಹೇಳುತ್ತೇನೆ. ಎಫ್ 22ರಲ್ಲಿ, 0.33ಕ್ಕೆ ಸುಮಾರು ಎರಡೂವರೆ ಸೆಂ.ಮೀ. ಶಾರ್ಪ್ ಸಿಗುತ್ತದೆ. 0.65ಕ್ಕೆ 8-9 ಎಂಎಂ. 0.91ಕ್ಕೆ 5 ಎಂಎಂ ಮಾತ್ರ. ಆದ್ದರಿಂದ ಫಿಲ್ಮ್ ವಸ್ತುವಿಗೆ ಸಮಾನಾಂತರ ಇದೆಯಾ ಅನ್ನೋದು ಎಫ್ ಸಂಖ್ಯೆಗಿಂತ ಮುಖ್ಯ. ಅದನ್ನು ನೋಡಲು ಒಂದು ಸುಲಭ ಉಪಾಯ ಇದೆ. ವಸ್ತುವಿನ ಮೇಲೆ ಸಣ್ಣ ಕನ್ನಡಿಯನ್ನು ಚಪ್ಪಟೆಯಾಗಿ ಇಡಿ. ವ್ಯೂಫೈಂಡರ್‌ನಲ್ಲಿ ನಿಮ್ಮ ಲೆನ್ಸ್‌ನದೇ ಬಿಂಬ ನಟ್ಟನಡುವೆ ಕಂಡರೆ ಸರಿ ಇದೆ. ಪಕ್ಕಕ್ಕೆ ಇದ್ದರೆ ಟ್ರೈಪಾಡ್ ತಲೆ ತಿದ್ದಿ. ಸೀರೆಗೂ ಇದೇ, ಕಲ್ಲಿಗೂ ಇದೇ.

ಕನ್ನಡಿ ಎತ್ತುವ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಆರ್‌ಬಿಯ ಕನ್ನಡಿ ದೊಡ್ಡದು, ಬಡಿತ ಜೋರು. 1/8ರಿಂದ 1 ಸೆಕೆಂಡ್ ನಡುವೆ ಆ ನಡುಕ ನೇರ ಫಿಲ್ಮ್‌ಗೆ ಬರುತ್ತದೆ, ನಮ್ಮ ಮ್ಯಾಕ್ರೋ ಎಲ್ಲ ಇರೋದು ಅಲ್ಲೇ. ಎಫ್‌ಪಿ4, ನೆರಳಿನ ಕಲ್ಲು, ಎಫ್ 22, ಒಂದನೇ ಟ್ಯೂಬ್: ಸುಮಾರು 1/3 ಸೆಕೆಂಡ್ ಬರುತ್ತದೆ, ನೋಡಿ. ಆದ್ದರಿಂದ ಲೆನ್ಸ್‌ನ ನಾಬ್ ಎಂಗೆ ತಿರುಗಿಸಿ, ಅದಕ್ಕೆ ಕೇಬಲ್ ಸಿಕ್ಕಿಸಿ. ಬಾಡಿಯ ಬಟನ್ ಒತ್ತಿದರೆ ಕನ್ನಡಿ ಮಾತ್ರ ಏಳುತ್ತದೆ. ನಡುಕ ನಿಲ್ಲುವವರೆಗೆ ಕಾಯಿರಿ. ಆಮೇಲೆ ಕೇಬಲ್ ಒತ್ತಿ. ಟ್ಯೂಬ್ ತಗೊಳ್ಳುವ ಮೊದಲು ಒಳ್ಳೆ ಕೇಬಲ್ ತಗೊಳ್ಳಿ.

ಹುಳಹುಪ್ಪಟೆ, ಹೊಳಲ್ಕೆರೆ:

ದುರ್ಗದ ಗಾಳಿ ಮರೆಯಬೇಡಿ. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಕೋಟೆ ಮೇಲೆ ಟ್ರೈಪಾಡ್ ನಿಲ್ಲೋದೇ ಕಷ್ಟ. ಕಲ್ಲು ಅಲುಗಲ್ಲ, ಚಾಚಿದ ಬೆಲ್ಲೋಸ್ ಅಲುಗುತ್ತದೆ. ಛತ್ರಿ ಹಿಡಿಯಲು ಒಬ್ಬರನ್ನು ಕರೆದುಕೊಂಡು ಹೋಗಿ. ಟ್ರೈಪಾಡ್ ನಡುಕಂಬ ಮೇಲೆತ್ತಬೇಡಿ, ಕೆಳಗೆ ಬ್ಯಾಗ್ ತೂಗುಹಾಕಿ.

ಹಳೇಗಾಜು, ದಾವಣಗೆರೆ:

ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು. ಟ್ರೈಪಾಡ್ ಹಾಕಲು ಮುಂಚೆಯೇ ಅನುಮತಿ ತಗೋಬೇಕು. ಗೇಟಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಅವರು ತಮ್ಮ ಕೆಲಸ ಮಾಡುತ್ತಾರೆ.

ಕಲ್ಲಿನಕೋಟೆ, ಚಿತ್ರದುರ್ಗ:

ಅರ್ಜಿ ಕೊಡುತ್ತೇನೆ. ಶಾಸನದ ಅಕ್ಷರ ತೆಗೆಯುವ ಯೋಚನೆಯೂ ಇದೆ. ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಇದೆಯಲ್ಲ, ಬಂಡೆ ಮೇಲೆ ಬ್ರಾಹ್ಮಿ ಲಿಪಿಯಲ್ಲಿ. ಬರಿಗಣ್ಣಿಗೆ ಸರಿಯಾಗಿ ಕಾಣಲ್ಲ. ಸೀಮೆಸುಣ್ಣ ತುಂಬಿದರೆ ಕಾಣುತ್ತದೆ ಅಂತ ಒಬ್ಬರು ಹೇಳಿದರು.

ಬೆಣ್ಣೆನಗರಿ 120, ದಾವಣಗೆರೆ:

ಬೇಡ ತಮ್ಮಾ, ದಯವಿಟ್ಟು ಬೇಡ. ಸೀಮೆಸುಣ್ಣ, ಎಣ್ಣೆ, ನೀರು ಯಾವುದನ್ನೂ ಅಕ್ಷರಕ್ಕೆ ಮುಟ್ಟಿಸಬಾರದು. ಸುಮಾರು 1,600 ವರ್ಷಕ್ಕೂ ಹಳೆಯದು. ಉಜ್ಜಿದಷ್ಟೂ ಅಂಚು ಸವೆಯುತ್ತದೆ, ಹೋದ ಅಂಚು ಮತ್ತೆ ಬರಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳಿಗೂ ಇದೇ ಮಾತು. ನಮ್ಮ ಜಿಲ್ಲೆಗಳಲ್ಲಿ ಇರುವ ದೊಡ್ಡ ಆಸ್ತಿ ಇವು.

ಅಕ್ಷರ ತೋರಿಸಲು ಓರೆ ಬೆಳಕು ಸಾಕು. ಬೆಳಕು ಕಲ್ಲಿನ ಮೈಗೆ ತಾಗಿಕೊಂಡು, ಹತ್ತು ಹದಿನೈದು ಡಿಗ್ರಿಯಲ್ಲಿ ಪಕ್ಕದಿಂದ ಬರಬೇಕು. ಆಗ ಪ್ರತಿ ಗೀರಿನ ಒಂದು ಅಂಚಿಗೆ ಬೆಳಕು, ಇನ್ನೊಂದಕ್ಕೆ ನೆರಳು. ಬಿಸಿಲು ಆ ಕೋನಕ್ಕೆ ಬರದಿದ್ದರೆ ಮೋಡದ ದಿನ ಹೋಗಿ, ಪಕ್ಕದಿಂದ ಸಣ್ಣ ಫ್ಲ್ಯಾಷ್ ಕೊಡಿ. ಆರ್‌ಬಿಯ ಲೆನ್ಸ್ ಶಟರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಕಡೆಯಿಂದ ತೆಗೆದು ನಿಲ್ಲಿಸಬೇಡಿ. ಬೆಳಕಿಗೆ ಸಮಾನಾಂತರ ಇರುವ ಗೀರುಗಳು ಮಾಯವಾಗುತ್ತವೆ. ಎಡದಿಂದ ಒಂದು, ಮೇಲಿಂದ ಒಂದು ಇರಲಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಟ್ಟು ಇನ್ನೊಂದು ತೆಗೆದಿಡಿ, ಮುಂದೆ ಓದುವವರಿಗೆ ಬೇಕಾಗುತ್ತದೆ.

ಸೀರೆಗೆ ಬೆಳಕು ಇಷ್ಟು ಓರೆ ಬೇಡ. ಜಾಸ್ತಿ ಓರೆ ಮಾಡಿದರೆ ಜರಿ ಎಳೆಗಳು ಹೊಳೆದು ವಿನ್ಯಾಸ ಮುಚ್ಚಿ ಹೋಗುತ್ತದೆ. ಜರಿಯ ಹೊಳಪು ಕಡಿಮೆ ಮಾಡಲು ತೆಳು ಬಿಳಿ ಪಂಚೆಯನ್ನು ಬೆಳಕಿಗೆ ಅಡ್ಡ ಕಟ್ಟಿ.

ಮೊಳಕಾಲ್ಮೂರು ಜರಿ:

ಪಂಚೆ ಕಟ್ಟಿ ನೋಡಿದೆ ಅಣ್ಣ, ಬಹಳ ವ್ಯತ್ಯಾಸ ಇದೆ. ಜರಿ ಎಳೆ, ರೇಷ್ಮೆ ಎಳೆ ಬೇರೆ ಬೇರೆ ಕಾಣುತ್ತಿವೆ. ಪ್ಯಾರಮೆಂಡರ್ ಹುಡುಕುತ್ತಿದ್ದೇನೆ. ಫಿಲ್ಮ್ ತೊಳೆಯೋದು ಇಲ್ಲಿ ಕಷ್ಟ. ಬೇಸಿಗೆಯಲ್ಲಿ ನಲ್ಲಿ ನೀರೇ ಬಿಸಿ.

ಕೆಂಪುದೀಪ, ಚಳ್ಳಕೆರೆ:

ನಮ್ಮಲ್ಲೂ ಅದೇ ಗೋಳು. 20 ಡಿಗ್ರಿಗೆ ಇಳಿಸಲು ಒದ್ದಾಡಬೇಡಿ, 24ಕ್ಕೆ ಇಳಿಸಿದರೆ ಸಾಕು. ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ, ಫ್ರಿಜ್‌ನಲ್ಲಿ ಗಟ್ಟಿಯಾದ ನೀರಿನ ಬಾಟಲಿ ಅದರಲ್ಲಿ ಮುಳುಗಿಸಿ. ಅದರ ನಡುವೆ ಡೆವಲಪರ್, ಫಿಕ್ಸರ್ ಬಾಟಲಿಗಳನ್ನು ಇಡಿ. ತೊಳೆಯುವ ನೀರೂ ಅದೇ ಹದದಲ್ಲಿರಲಿ.

ಡೆವಲಪರ್ ತೆಳ್ಳಗೆ ಮಾಡಿದರೆ ಹೊತ್ತು ಉದ್ದವಾಗುತ್ತದೆ, ಬಿಸಿಲು ನಾಡಿಗೆ ಅದೇ ಬೇಕು. ಎಚ್‌ಪಿ5 ಫಿಲ್ಮ್‌ಗೆ ಐಡಿ-11 ಡೆವಲಪರನ್ನು ಅಷ್ಟೇ ನೀರಿಗೆ ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ. 24 ಡಿಗ್ರಿಯಲ್ಲಿ ಸುಮಾರು 9 ನಿಮಿಷ. ಅದೇ ಬೆರಕೆಯಲ್ಲಿ ಎಫ್‌ಪಿ4ಗೆ 20 ಡಿಗ್ರಿಯಲ್ಲಿ 11 ನಿಮಿಷ. ಕೊನೆಗೆ 5 ನಿಮಿಷಕ್ಕಿಂತ ಕಡಿಮೆ ಬರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ನೆಗೆಟಿವ್ ಪಟ್ಟೆ ಪಟ್ಟೆ ಆಗುತ್ತದೆ. ಕೊಡಾಕ್ ಡಿ-76 ಸಿಕ್ಕರೂ ಸರಿ, ಎರಡೂ ಒಂದೇ ಥರ ಕೆಲಸ ಮಾಡುತ್ತವೆ.

ಕಲ್ಲಿನಕೋಟೆ, ಚಿತ್ರದುರ್ಗ:

ಬೆಂಗಳೂರಿಗೆ ಹೋಗಿ ಬಂದೆ. ಗಾಜು ಸ್ವಚ್ಛ ಇದೆ, ಫಂಗಸ್ ಇಲ್ಲ. ಹಳೇಗಾಜು ಅಣ್ಣ ಹೇಳಿದಂತೆ ಕಿವಿ ಕೊಟ್ಟು ಕೇಳಿದೆ. 1/2 ಮತ್ತು 1 ಸೆಕೆಂಡ್ ಎಳೆಯುತ್ತಿತ್ತು. ಮಾರುವವರಿಗೇ ಕೇಳಿಸಿದೆ, ಅವರು ಒಪ್ಪಿ ಕ್ಲೀನಿಂಗ್ ಖರ್ಚು ಕಳೆದು ಕೊಟ್ಟರು. ಲೆನ್ಸ್ ಈಗ ನನ್ನ ಹತ್ತಿರ ಇದೆ. ಫ್ಲೋಟಿಂಗ್ ರಿಂಗ್ ಸಲೀಸಾಗಿ ತಿರುಗುತ್ತದೆ.

ಒಂದನೇ ಟ್ಯೂಬ್ ತಗೋಬೇಕಾ, ಎರಡನೇದಾ? ಕಲ್ಲುಹೂವು ಕಿತ್ತಳೆ ಬಣ್ಣದ್ದು, ಕಲ್ಲು ಬೂದು. ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಥರ ಬರುತ್ತಿವೆ. ಅದಕ್ಕೇನು ಮಾಡಲಿ?

ಹಳೇಗಾಜು, ದಾವಣಗೆರೆ:

ಲೆನ್ಸ್ ತಂದುಕೊಡಿ, ಶಟರ್ ನಾನೇ ಬಿಚ್ಚಿ ತೊಳೆಯುತ್ತೇನೆ. ಟ್ಯೂಬ್ ಒಂದನೇದು ಸಾಕು. ಬೆಲ್ಲೋಸ್ ಒಳಗೆ ಮಡಿಚಿದ್ದರೂ ಟ್ಯೂಬ್‌ನಿಂದಲೇ 0.32 ಬರುತ್ತದೆ, ಚಾಚಿದರೆ 0.65. ಟ್ಯೂಬ್ ಇಲ್ಲದೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದಲೇ ಮುಂದುವರಿಯುತ್ತದೆ. ನಡುವೆ ಖಾಲಿ ಜಾಗ ಇಲ್ಲ.

ಬೆಣ್ಣೆನಗರಿ 120, ದಾವಣಗೆರೆ:

ಬಣ್ಣಕ್ಕೆ ಫಿಲ್ಟರ್ ಹಾಕಿ. ಕಿತ್ತಳೆ ಫಿಲ್ಟರ್ ಹಾಕಿದರೆ ಕಲ್ಲುಹೂವು ಬೆಳ್ಳಗೆ ಏಳುತ್ತದೆ. ಹಸಿರು ಹಾಕಿದರೆ ಅದೇ ಕಲ್ಲುಹೂವು ಕಪ್ಪಾಗಿ ಕಲ್ಲು ಬೆಳ್ಳಗಾಗುತ್ತದೆ. ಎರಡನ್ನೂ ಒಂದೇ ಕಲ್ಲಿಗೆ ಹಾಕಿ ತೆಗೆದು ನೋಡಿ, ಯಾವುದು ಬೇಕೋ ನೀವೇ ಆರಿಸಿ. ಫಿಲ್ಟರ್ ಮೇಲೆ ಎಷ್ಟು ಪಟ್ಟು ಅಂತ ಬರೆದಿರುತ್ತದೆ, ಅದನ್ನು ಬೆಲ್ಲೋಸ್ ಲೆಕ್ಕದ ಜೊತೆ ಗುಣಿಸಿ. ಹೊಸದು ಕೊಳ್ಳಬೇಕಾಗಿಲ್ಲ. ನಿಮ್ಮ 90 ಸಿ ಸರಣಿಯದಾದರೆ ಅದರದ್ದು 77 ಎಂಎಂ, ಇದರದ್ದೂ 77. ಮರಡಿಹಳ್ಳಿಗೆ ಹೋಗುವಾಗ ಹೇಳಿ, ನಾನೂ ಬರುತ್ತೇನೆ. ಅಲ್ಲಿ ಲಾವಾ ನೀರಿಗೆ ತಾಗಿ ಬೇಗ ಗಟ್ಟಿಯಾದ ಹೊರಪದರ ಇದೆಯಲ್ಲ, ಅದಕ್ಕೆ ಈ ಟ್ಯೂಬ್ ಸರಿಯಾದ ಅಳತೆ.